ಬ್ಯಾಟರಿಯಿಂದ ಬಳೆಗೆ: ಭಾನುವಾರದ ನಮ್ಮ ಗುಂಪಿನ ಜಗಳ

ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ 43 ಜನ ಇದ್ದೇವೆ. ಭಾನುವಾರ ಬೆಳಿಗ್ಗೆ ಆರೂವರೆಗೆ ಕಲಬುರಗಿಯ ಚಿಕ್ಕಪ್ಪ ಇದನ್ನು ಫಾರ್ವರ್ಡ್ ಮಾಡಿದರು:

"ಎಚ್ಚರ! ಕಾರಿನ ಬ್ಯಾಟರಿಗೆ 3 ವರ್ಷ ತುಂಬಿದ ದಿನವೇ ಬದಲಿಸಿ. ಇಲ್ಲದಿದ್ದರೆ ಬೇಸಿಗೆಯಲ್ಲಿ ಬಾಂಬಿನಂತೆ ಸಿಡಿಯುತ್ತದೆ. ನಿಮ್ಮವರಿಗೆಲ್ಲ ಕಳಿಸಿ."

ಭಾವ: ಮಾವ, ಇದನ್ನು ಹೇಳಿದ್ದು ಯಾರು? ಕಂಪನಿಯವರಾ, ಮೆಕ್ಯಾನಿಕ್ಕಾ? ಹೆಸರಿಲ್ಲ, ತಾರೀಖಿಲ್ಲ.

ಚಿಕ್ಕಪ್ಪ: ಒಳ್ಳೆಯದಕ್ಕೆ ಕಳಿಸಿದ್ದಪ್ಪ. ಬೇಡ ಅಂದರೆ ಬಿಡಿ.

ದೊಡ್ಡಪ್ಪ: ನನ್ನ ಬ್ಯಾಟರಿಗೆ ಐದು ವರ್ಷ ಆಯಿತು. ಏನೂ ಆಗಿಲ್ಲ. ವಸ್ತುವನ್ನು ಜೋಪಾನ ಮಾಡಬೇಕು. ಈಗಿನವರಿಗೆ ತರೋದು, ಎಸೆಯೋದು, ಇಷ್ಟೇ ಗೊತ್ತು.

ಚಿಕ್ಕಪ್ಪ: ಜೋಪಾನದ ಮಾತು ನನಗೆ ಬೇಡ ಅಣ್ಣಾ. ಛತ್ರದ ಮುಂದೆ ನೀವು ಆಡಿದ್ದು ನಾನು ಮರೆತಿಲ್ಲ.

ಛತ್ರದ ಕಥೆ ಹಳೆಯದು. ಅಕ್ಕನ ಮದುವೆ ಮುಗಿದು ಹೊರಡುವ ಹೊತ್ತಿಗೆ ಚಿಕ್ಕಪ್ಪನ ಗಾಡಿ ಟಕ್ ಟಕ್ ಅಂದು ಸುಮ್ಮನಾಗಿತ್ತು. "ಅಗ್ಗದ್ದು ತಗೊಂಡರೆ ಹೀಗೇ" ಅಂತ ದೊಡ್ಡಪ್ಪ ಬೀಗರ ಎದುರಿಗೇ ಅಂದುಬಿಟ್ಟರು. ಅದು ತಪ್ಪು. ಆವತ್ತೂ ನನಗೆ ಹಾಗೇ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಟೊರಾಂಟೊದಿಂದ ಅಣ್ಣ: ಅಜ್ಜನ ಅಂಬಾಸಿಡರ್ ನೆನಪಿದೆಯಾ? ಮುಂದೆ ಹ್ಯಾಂಡಲ್ ತೂರಿಸಿ ತಿರುಗಿಸೋದು. ಅದಕ್ಕೂ ಬಗ್ಗದಿದ್ದರೆ ನಾವೆಲ್ಲ ಹಿಂದಿನಿಂದ ತಳ್ಳೋದು, ಅಜ್ಜ ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಡೋದು!

ಅತ್ತೆ: ಹೌದು ಕಣೋ. ಆ ಪೆಟ್ರೋಲ್ ವಾಸನೆ ಇನ್ನೂ ಮೂಗಲ್ಲೇ ಇದೆ.

ದೊಡ್ಡಪ್ಪ: ಅಪ್ಪ ಬ್ಯಾಟರಿ ಹೇಗೆ ನೋಡುತ್ತಿದ್ದರು ಗೊತ್ತಾ? ಇಂಜಿನ್ ಓಡುವಾಗ ಒಂದು ತಂತಿ ಕಿತ್ತುಬಿಡೋದು. ಗಾಡಿ ನಿಂತರೆ ಡೈನಮೋ ಕೆಟ್ಟಿದೆ ಅಂತ. ಎಲ್ಲರೂ ಮಾಡಿ ನೋಡಿ.

ಇದನ್ನು ಓದಿ ನನಗೆ ಗಾಬರಿಯೇ ಆಯಿತು. ನಿಜವಾಗಿಯೂ ಮಾಡಿಬಿಟ್ಟರೆ?

ನಾನು: ದೊಡ್ಡಪ್ಪ, ದಯವಿಟ್ಟು ಬೇಡ. ಈಗಿನ ಗಾಡಿಯಲ್ಲಿ ಡೈನಮೋ ಬದಲು ಬ್ಯಾಟರಿ ಚಾರ್ಜ್ ಮಾಡಲು ಆಲ್ಟರ್ನೇಟರ್ ಇದೆ, ಇಂಜಿನ್ ನಡೆಸುವ ಕಂಪ್ಯೂಟರ್ ಇದೆ. ಓಡುವಾಗ ತಂತಿ ಕಿತ್ತರೆ ವೋಲ್ಟೇಜ್ ಒಮ್ಮೆಲೇ ಏರಿ ಅವೆಲ್ಲ ಸುಟ್ಟುಹೋಗಬಹುದು.

ಆಮೇಲೆ ಗೊತ್ತಿದ್ದದ್ದನ್ನೆಲ್ಲ ಒಂದೇ ಉಸಿರಿಗೆ ಟೈಪ್ ಮಾಡಿದೆ. ಬ್ಯಾಟರಿ ಸಾಮಾನ್ಯವಾಗಿ 3ರಿಂದ 5 ವರ್ಷ ಬರುತ್ತದೆ. ಆದರೆ ಅದು ಹುಟ್ಟಿದ ದಿನ ನೋಡಿ ಸಾಯುವುದಿಲ್ಲ. ಅದಕ್ಕೆ ದೊಡ್ಡ ಶತ್ರು ಸೆಕೆ. ಬಿಸಿಲಿಗೆ ಒಳಗಿನ ನೀರು ಆರುತ್ತದೆ, ಸೀಸದ ತಟ್ಟೆಗಳು ಬೇಗ ಸವೆಯುತ್ತವೆ. ಕಲಬುರಗಿಯ ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ, ಬಾನೆಟ್ ಒಳಗೆ ಇನ್ನೂ ಜಾಸ್ತಿ. ದೊಡ್ಡಪ್ಪ ಇರುವ ಧಾರವಾಡ ಅಷ್ಟು ಸುಡುವುದಿಲ್ಲ. ದಿನಾ ಎರಡೇ ಕಿಲೋಮೀಟರ್ ಓಡಿಸಿ ನಿಲ್ಲಿಸಿದರೂ ಕಷ್ಟ, ಸ್ಟಾರ್ಟ್ ಮಾಡಲು ಖರ್ಚಾದ ಚಾರ್ಜು ತುಂಬಿಕೊಳ್ಳುವ ಮೊದಲೇ ಇಂಜಿನ್ ಆಫ್ ಆಗಿರುತ್ತದೆ.

ಸಿಡಿಯುವ ಮಾತು ಪೂರ್ತಿ ಸುಳ್ಳಲ್ಲ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಹತ್ತಿರ ಕಿಡಿ ಹಾರಿದರೆ ಅಪಾಯ. ಅದಕ್ಕೇ ಬೇರೆ ಗಾಡಿಯ ಬ್ಯಾಟರಿಯಿಂದ ತಂತಿ ಎಳೆದು ಜಂಪ್ ಸ್ಟಾರ್ಟ್ ಮಾಡುವಾಗ ಕೊನೆಯ ಕಪ್ಪು ತಂತಿಯನ್ನು ಸತ್ತ ಬ್ಯಾಟರಿಗೆ ಹಚ್ಚದೆ, ದೂರದಲ್ಲಿ ಇಂಜಿನ್ನಿನ ಕಬ್ಬಿಣಕ್ಕೆ ಹಚ್ಚುತ್ತಾರೆ. ಮೂರು ವರ್ಷ ತುಂಬಿತು ಅಂತ ಯಾವುದೂ ಸಿಡಿಯುವುದಿಲ್ಲ.

ಅಣ್ಣ: ಇಲ್ಲಿ ಬ್ಯಾಟರಿ ಕೈಕೊಡೋದು ಚಳಿಯಲ್ಲಿ. ಮೈನಸ್ 20ಕ್ಕೆ ಹೋದರೆ ಬೀದಿಗೆ ಒಂದು ಗಾಡಿ ನಿಂತಿರುತ್ತೆ.

ನಾನು: ಬೇಸಿಗೆಯಲ್ಲಿ ಸೊರಗಿದ್ದು ಚಳಿಯಲ್ಲಿ ಬಯಲಾಗುತ್ತದೆ ಅಣ್ಣ. ಚಳಿಗೆ ಇಂಜಿನ್ ಆಯಿಲ್ ಗಟ್ಟಿ, ಬ್ಯಾಟರಿಯ ಶಕ್ತಿಯೂ ಕಮ್ಮಿ.

ಭಾವ: ಇದಕ್ಕೆ ಆಧಾರ?

ನ್ಯಾಯವಾದ ಪ್ರಶ್ನೆ. ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದು ಕೆಳಗೆ ಹೋದೆ. ನನ್ನ ಗಾಡಿ ರಾತ್ರಿಯಿಡೀ ನಿಂತಿತ್ತು, ಅಳೆಯಲು ಅದೇ ಸರಿಯಾದ ಹೊತ್ತು. ಪ್ಲಸ್ ಟರ್ಮಿನಲ್ಲಿನ ಬುಡದಲ್ಲಿ ಹಸಿರು ಮಿಶ್ರಿತ ಬಿಳಿ ಪುಡಿ ಕೂತಿತ್ತು, ಉಪ್ಪಿನಕಾಯಿ ಜಾಡಿಯ ಬಾಯಿಗೆ ಉಪ್ಪು ಕಟ್ಟಿದ ಹಾಗೆ. ಕೆಂಪು ಕಡ್ಡಿ ಪ್ಲಸ್ಸಿಗೆ, ಕಪ್ಪು ಕಡ್ಡಿ ಮೈನಸ್ಸಿಗೆ. 12.61 ವೋಲ್ಟ್. ಫೋಟೋ ತೆಗೆದು ಕಳಿಸಿ ಕೆಳಗೆ ಬರೆದೆ: "12.6 ಇದ್ದರೆ ತುಂಬಿದೆ. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಖಾಲಿ. ಇಂಜಿನ್ ಓಡುವಾಗ 14ರ ಆಸುಪಾಸು ಬರಬೇಕು, ಬರದಿದ್ದರೆ ತಪ್ಪು ಆಲ್ಟರ್ನೇಟರಿನದು ಇರಬಹುದು, ಹಾಗಿದ್ದರೆ ಹೊಸ ಬ್ಯಾಟರಿ ಹಾಕಿದರೂ ಅದು ಮತ್ತೆ ಸಾಯುತ್ತದೆ. ಕೀಲಿ ತಿರುಗಿಸುವ ಕ್ಷಣದಲ್ಲಿ 9.6ಕ್ಕಿಂತ ಕೆಳಗೆ ಬಿದ್ದರೆ ಅನುಮಾನ ಪಡಿ."

ಭಾವ: ಅಳತೆ ಸರಿ ಇದೆ. ಆದರೆ ಮೊದಲು ಕೈಯಲ್ಲಿರುವ ಬಳೆ ತೆಗೆದಿಡು. ಚಿನ್ನ ಪ್ಲಸ್ಸಿಗೂ ಬಾಡಿಗೂ ಒಟ್ಟಿಗೆ ತಾಗಿದರೆ ಚರ್ಮ ಸುಟ್ಟುಹೋಗುತ್ತೆ.

ಭಾವ ಹೇಳಿದ್ದು ನೂರಕ್ಕೆ ನೂರು ಸರಿ. ಬಳೆ, ಉಂಗುರ ಎರಡನ್ನೂ ತೆಗೆದಿಟ್ಟೆ.

ಅತ್ತೆ: ಪುಟ್ಟೀ, ಅದು ಅಮ್ಮನ ಬಳೆ ಅಲ್ವಾ? ನೆಲ್ಲಿಕಾಯಿ ಕೆತ್ತನೆ ಇರೋದು?

ಚಿಕ್ಕಮ್ಮ: ಅದು ಜೊತೆ ಬಳೆ ಅಕ್ಕ. ಇನ್ನೊಂದು ಎಲ್ಲಿ ಹೋಯಿತು ಅಂತ ನಾನು ಇವತ್ತಿನವರೆಗೂ ಕೇಳಿಲ್ಲ.

ಅತ್ತೆ: ಕೇಳಿಲ್ಲ ಅಂತಲೇ ಕೇಳಿದ ಹಾಗಾಯ್ತಲ್ಲಮ್ಮ.

ದೊಡ್ಡಪ್ಪ: ಹಿರಿಯರ ವಸ್ತುವಿನ ಮಾತು ಗುಂಪಿನಲ್ಲಿ ಬೇಡ.

ಚಿಕ್ಕಪ್ಪ: ಹಾಗಾದರೆ ಎಲ್ಲಿ ಆಡಬೇಕು? ಛತ್ರದ ಮುಂದೆಯಾ?

ಮಧ್ಯಾಹ್ನದವರೆಗೂ ಬಳೆಯೇ ನಡೆಯಿತು. ಹಂಚಿಕೆಯ ದಿನ ಯಾರು ಎಲ್ಲಿ ಕೂತಿದ್ದರು ಅನ್ನುವವರೆಗೂ ಹೋಯಿತು. ವೋಲ್ಟೇಜಿನ ಬಗ್ಗೆ ಮತ್ತೆ ಒಬ್ಬರೂ ಕೇಳಲಿಲ್ಲ. ನನಗೆ ಬೇಜಾರಾಯಿತು. ಇಷ್ಟು ಜನರಲ್ಲಿ ಗಾಡಿ ಓಡಿಸುವವರು ಇಪ್ಪತ್ತಕ್ಕೂ ಜಾಸ್ತಿ.

ಸಂಜೆ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಆ ಮೆಸೇಜ್ ಯಾಕೆ ಕಳಿಸಿದಿರಿ ಅಂತ ಬೆಳಿಗ್ಗೆಯೇ ಕೇಳಬೇಕಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. ಮಗಳು ಆಸ್ಪತ್ರೆಯಲ್ಲಿ ನರ್ಸು. ಹಿಂದಿನ ಗುರುವಾರ ಪಾಳಿ ಮುಗಿಸಿ ರಾತ್ರಿ ಹನ್ನೊಂದಕ್ಕೆ ಹೊರಗೆ ಬಂದರೆ ಗಾಡಿ ಸ್ಟಾರ್ಟ್ ಆಗಲಿಲ್ಲ. ಇವರು ಹೋಗಿ ಸೇರುವವರೆಗೂ ಒಬ್ಬಳೇ ನಿಂತಿದ್ದಳು. "ಅದನ್ನು ಗುಂಪಿನಲ್ಲಿ ಬರೆದರೆ ಅಣ್ಣ ಮತ್ತೆ ಅಗ್ಗದ ಮಾತು ತೆಗೆಯುತ್ತಾರೆ. ಅದಕ್ಕೆ ಆ ಮೆಸೇಜ್ ಹಾಕಿದೆ" ಅಂದರು.

ಬ್ಯಾಟರಿಗೆ ಎರಡು ವರ್ಷ ಒಂಬತ್ತು ತಿಂಗಳು. ಆ ಮೆಸೇಜನ್ನೇ ನಂಬಿ ಕೂತಿದ್ದರೆ ಇನ್ನೂ ಮೂರು ತಿಂಗಳು ಕಾಯಬೇಕಿತ್ತು.

"ನೇರ ಹೊಸದು ತರಬೇಡಿ ಚಿಕ್ಕಪ್ಪ. ಪೂರ್ತಿ ಚಾರ್ಜ್ ಮಾಡಿಸಿ, ಆಮೇಲೆ ಲೋಡ್ ಟೆಸ್ಟ್ ಮಾಡಿಸಿ, ಅಂದರೆ ಹೆಚ್ಚು ಕರೆಂಟ್ ಎಳೆದಾಗ ಬ್ಯಾಟರಿ ತಡೆಯುತ್ತದಾ ಅಂತ ನೋಡೋದು. ಒಳಗೆ ಲೈಟ್ ಮರೆತು ಖಾಲಿಯಾಗಿದ್ದರೆ ಚಾರ್ಜ್ ಸಾಕು. ಟೆಸ್ಟಿನಲ್ಲಿ ಬಿದ್ದರೆ ವಾರಂಟಿ ಕಾರ್ಡ್ ತೆಗೆಯಿರಿ, ಬ್ಯಾಟರಿ ಮೇಲಿನ ತಾರೀಖಿನ ಕೋಡ್ ಫೋಟೋ ಹೊಡೆದಿಡಿ. ಹಳೆಯದನ್ನು ಅಂಗಡಿಗೇ ಕೊಡಿ, ಹೊಸದರ ಬೆಲೆಯಲ್ಲಿ ಮುರಿದುಕೊಳ್ಳುತ್ತಾರೆ. ಗುಜರಿಯವನಿಗೆ ಬೇಡ, ಒಳಗೆ ಸೀಸ, ಆಸಿಡ್ ಇದೆ."

ಮಂಗಳವಾರ ಟೆಸ್ಟ್ ಆಯಿತು. ರಾತ್ರಿಯಿಡೀ ಚಾರ್ಜ್ ಮಾಡಿದರೂ ಲೋಡ್ ಹಾಕಿದ ತಕ್ಷಣ ಕುಸಿಯಿತಂತೆ. ವಾರಂಟಿ ಉಳಿದಿತ್ತು, ಬೆಲೆಯಲ್ಲಿ ಒಂದು ಪಾಲು ಬಿಟ್ಟುಕೊಟ್ಟರು.

ಬುಧವಾರ ರಾತ್ರಿ 11.20ಕ್ಕೆ ತಂಗಿಯ ಮೆಸೇಜ್ ನನ್ನೊಬ್ಬಳಿಗೇ ಬಂತು: "ಅಕ್ಕ, ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು. ಮನೆ ಸೇರಿದೆ."