29,000 ಬಾಡಿಗೆ ಬಿಟ್ಟು ತಿಪಟೂರು ಕಡೆ ಹಳ್ಳಿಗೆ ಹೋದರೆ ನಿಜಕ್ಕೂ ಎಷ್ಟು ಉಳಿಯುತ್ತೆ?

ಕೇಳಿದವರು: ಕಲ್ಪತರು_ಕಡೆಯವಳು

ಬೆಂಗಳೂರಲ್ಲಿ ಬಾಡಿಗೆ 26,000, ಮೇಂಟೆನೆನ್ಸ್ 3,000. ಆಫೀಸಿಗೆ ವಾರಕ್ಕೆ ಎರಡು ದಿನ ಹೋದರೆ ಸಾಕು. ತಿಪಟೂರು ತಾಲ್ಲೂಕಿನ ಹಳ್ಳಿಯಲ್ಲಿ ಅಪ್ಪನ ಹೆಸರಲ್ಲಿ ಎರಡು ಮನೆ: ಊರೊಳಗೆ ಹಳೇ ಹೆಂಚಿನ ಮನೆ, ಒಂದೂವರೆ ಕಿ.ಮೀ. ಆಚೆ ಹೊಸ ಆರ್‌ಸಿಸಿ ತೋಟದ ಮನೆ. ಮನಸ್ಸು ತೋಟದ ಮನೆ ಮೇಲೆ. ಇಬ್ಬರೂ ಲ್ಯಾಪ್‌ಟಾಪ್ ಕೆಲಸದವರು, ಆರು ವರ್ಷದ ಮಗು ಇದೆ. 29,000 ಪೂರ್ತಿ ಉಳಿಯುತ್ತೆ ಅನ್ನೋ ಲೆಕ್ಕದಲ್ಲಿ ಏನು ಬಿಟ್ಟಿದ್ದೇವೆ?

ಟಿಸಿ_ಕಂಬ

ತೋಟದ ಮನೆಗೆ ಕರೆಂಟು ಯಾವ ಲೈನಿಂದ ಬಂದಿದೆ ಅಂತ ಮೊದಲು ಲೈನ್‌ಮನ್ ಹತ್ತಿರ ಕೇಳಿ ಮೇಡಂ. ಊರೊಳಗಿನ ಮನೆಗಳು ನಿರಂತರ ಜ್ಯೋತಿ ಫೀಡರ್ (ಊರಿನ ಮನೆಗಳಿಗೆ ಅಂತಲೇ ಎಳೆದ ಬೇರೆ ಲೈನು) ಮೇಲಿರುತ್ತವೆ. ತೋಟದ ಮನೆಗಳದ್ದು ಬಹುಪಾಲು ಪಂಪ್‌ಸೆಟ್ ಲೈನು. ಅಲ್ಲಿ ತ್ರೀಫೇಸ್, ಅಂದರೆ ಮೋಟಾರು ಓಡಿಸೋ ಕರೆಂಟು, ದಿನಕ್ಕೆ ಏಳು ಗಂಟೆ ಆಸುಪಾಸು, ಅದೂ ಪಾಳಿ ಮೇಲೆ. ಉಳಿದ ಹೊತ್ತು ದೀಪ, ಫ್ಯಾನಿಗೆ ಸಾಕಾಗೋ ಸಿಂಗಲ್ ಫೇಸ್ ಬಂದರೆ ಬಂತು. ತ್ರೀಫೇಸ್ ಬಂದ ಕೂಡಲೇ ಆಟೋ ಸ್ಟಾರ್ಟರ್ ಹಾಕಿದ ಮೋಟಾರುಗಳೆಲ್ಲ ಒಟ್ಟಿಗೆ ಎದ್ದು ವೋಲ್ಟೇಜು ಕುಸಿಯುತ್ತೆ. ಫ್ರಿಜ್ಜಿನ ಕಂಪ್ರೆಸರ್ ಸುಡೋದು ಅಲ್ಲೇ.

ಇನ್ವರ್ಟರ್ ಇದೆಯಲ್ಲ ಅಂತೀರಿ. 12 ವೋಲ್ಟಿನ 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್ ಬ್ಯಾಟರಿ ಅಂದರೆ ಲೆಕ್ಕಕ್ಕೆ 1,800 ವ್ಯಾಟ್-ಅವರ್, ಕೈಗೆ ಸಿಗೋದು ಸುಮಾರು 1,200. ಎರಡು ಲ್ಯಾಪ್‌ಟಾಪ್ 100 ವ್ಯಾಟ್, ರೌಟರ್ 15, ಬಿಎಲ್‌ಡಿಸಿ ಫ್ಯಾನ್ 30. ಎಂಟು ಗಂಟೆ ನಡೆಯುತ್ತೆ. ತೊಂದರೆ ಖಾಲಿಯಾದಮೇಲೆ: ತುಂಬಲು 10–12 ಗಂಟೆ ಕರೆಂಟು ಬೇಕು. ಏಳು ಗಂಟೆಯ ಲೈನಲ್ಲಿ ಅದು ಎಂದೂ ಪೂರ್ತಿ ತುಂಬಲ್ಲ. ಅರೆಹೊಟ್ಟೆಯಲ್ಲೇ ಇದ್ದು ಪ್ಲೇಟುಗಳಿಗೆ ಸಲ್ಫೇಟ್ ಕಟ್ಟಿ, ನಾಲ್ಕೈದು ವರ್ಷ ಬರಬೇಕಾದ ಬ್ಯಾಟರಿ ಬಹಳ ಬೇಗ ಕೈಕೊಡುತ್ತೆ.

ಇನ್ನೊಂದು. ಗೃಹ ಜ್ಯೋತಿಗೆ ಗೃಹಬಳಕೆಯ ಆರ್‌ಆರ್ ನಂಬರ್ (ಕರೆಂಟು ಸಂಪರ್ಕದ ಸಂಖ್ಯೆ) ಬೇಕು, ಪಂಪ್‌ಸೆಟ್ ಸಂಪರ್ಕದಿಂದ ಎಳೆದ ವೈರಿಗಲ್ಲ. 200 ಯೂನಿಟ್ ಎಲ್ಲರಿಗೂ ಪುಕ್ಕಟೆ ಅಂದುಕೊಳ್ಳಬೇಡಿ. ಮಿತಿ ಗೊತ್ತಾಗೋದು ಆ ಮೀಟರಿನ ಹಿಂದಿನ ಸರಾಸರಿ ಬಳಕೆಯಿಂದ. ಮುಚ್ಚಿದ್ದ ಮನೆಗೆ ಅದು ತೀರಾ ಕಡಿಮೆ ಇರುತ್ತೆ.

ಹಳೇ_ಲೆಡ್ಜರ್

ಕರೆಂಟಿಗಿಂತ ದೊಡ್ಡ ತೂತು ತೆರಿಗೆಯಲ್ಲಿದೆ. ನೀವು ಹಳೇ ತೆರಿಗೆ ಪದ್ಧತಿಯಲ್ಲಿದ್ದರೆ ಬಾಡಿಗೆ ನಿಂತ ತಿಂಗಳೇ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ವಿನಾಯಿತಿಯೂ ನಿಲ್ಲುತ್ತೆ. ಮೂಲ ವೇತನ ತಿಂಗಳಿಗೆ 60,000 ಅಂತಿಟ್ಟುಕೊಳ್ಳಿ. ವರ್ಷದ ಬಾಡಿಗೆ 3,12,000ರಲ್ಲಿ ವರ್ಷದ ಮೂಲ ವೇತನದ 10% ಅಂದರೆ 72,000 ಕಳೆದರೆ ವಿನಾಯಿತಿ 2,40,000. ಕಂಪನಿ ಕೊಡುವ ಎಚ್‌ಆರ್‌ಎ ಅಷ್ಟಿದ್ದು 30% ಹಂತದಲ್ಲಿದ್ದರೆ, ಸೆಸ್ ಸೇರಿ ವರ್ಷಕ್ಕೆ 74,880 ಹೆಚ್ಚು ತೆರಿಗೆ. ತಿಂಗಳಿಗೆ 6,240 ಅಲ್ಲೇ ಹೋಯಿತು. ಹೊಸ ಪದ್ಧತಿಯಲ್ಲಿದ್ದರೆ ಈ ತಲೆನೋವಿಲ್ಲ, ಅಲ್ಲಿ ವಿನಾಯಿತಿಯೇ ಇಲ್ಲ.

ಅಪ್ಪನಿಗೆ ಬಾಡಿಗೆ ಕೊಟ್ಟು ವಿನಾಯಿತಿ ಪಡೆಯಬಹುದು. ಕರಾರು ಇರಲಿ, ದುಡ್ಡು ಬ್ಯಾಂಕಿನ ಮೂಲಕವೇ ಹೋಗಲಿ, ಅಪ್ಪ ಅದನ್ನು ತಮ್ಮ ಆದಾಯದಲ್ಲಿ ತೋರಿಸಲಿ. ಹೆಂಚಿನ ಮನೆಗೆ 26,000 ಬಾಡಿಗೆ ಅಂತ ಬರೆದರೆ ಯಾರೂ ನಂಬಲ್ಲ, ಅಷ್ಟೇ.

ಆರೋಗ್ಯ ವಿಮೆ ಇದ್ದರೆ ವಿಳಾಸ ಬದಲಿಸುವ ಮುಂಚೆ ಪಾಲಿಸಿ ಓದಿ. ಕೆಲವು ಪಾಲಿಸಿಗಳಲ್ಲಿ ಸಣ್ಣ ಊರಿನ ವಲಯಕ್ಕೆ ಪ್ರೀಮಿಯಂ ಕಡಿಮೆ. ಆದರೆ ಬೆಂಗಳೂರಲ್ಲಿ ಅಡ್ಮಿಟ್ ಆದರೆ ಬಿಲ್ಲಿನ ಒಂದು ಪಾಲು ನಿಮ್ಮ ಜೇಬಿಂದ.

ಕಲ್ಪತರು_ಕಡೆಯವಳು

ಹಳೇ ಪದ್ಧತಿಯಲ್ಲೇ ಇದ್ದೇವೆ. ತೋಟದ ಮನೆಗೆ ಬೇರೆ ಮೀಟರೇ ಇಲ್ಲವಂತೆ. ಹಾಗಾದರೆ ಹೆಂಚಿನ ಮನೆಗೆ ಏನೇನು ಮಾಡಿಸಬೇಕು?

ಹೆಂಚು_ರೀಪು

ಮುಂಗಾರಿಗೆ ಮುಂಚೆ ಹೆಂಚು ಕೈಯಾಡಿಸಿ. ಒಡೆದ ಹೆಂಚಿಗಿಂತ ಅದನ್ನು ಹೊರುವ ಮರದ ರೀಪುಪಟ್ಟಿ ಮುಖ್ಯ: ಸ್ಕ್ರೂಡ್ರೈವರ್ ತುದಿ ಮೆತ್ತಗೆ ಇಳಿದರೆ ಗೆದ್ದಲು ತಿಂದಿದೆ, ಹೆಂಚು ಹೊಸದಾದರೂ ನಿಲ್ಲಲ್ಲ. ಕೋತಿ ಕಾಟದ ಊರಾದರೆ ಪ್ರತಿ ವರ್ಷವೂ ಕೂಲಿ ತೆಗೆದಿಡಿ. ಬೇಕಾಗುವ ಹೆಂಚು ಒಂದೇ ಮಾದರಿಯದಿರಲಿ. ಕಾರ್ಖಾನೆ ಬೇರೆಯಾದರೆ ತೋಡು ಕೂಡಲ್ಲ, ಸೋರುತ್ತೆ.

ಗೋಡೆ ಮಣ್ಣಿನದಾದರೆ ವೈರಿಂಗ್ ಹೊರಗಿಂದ ಕೇಸಿಂಗ್ ಪಟ್ಟಿಯಲ್ಲೇ ಎಳೆಸಿ, ಒಳಗೆ ಕೊರೆಸಬೇಡಿ. ಅರ್ಥಿಂಗ್ ಹೊಸದು ಮಾಡಿಸಿ. ಹಳೇ ಮನೆಗಳಲ್ಲಿ ಅದಿರುವುದೇ ಅಪರೂಪ.

ಬೋರಿನ ನೀರನ್ನು ಫ್ಲೋರೈಡ್‌ಗೆ ಪರೀಕ್ಷೆ ಮಾಡಿಸಿ. ಲೀಟರಿಗೆ 1.5 ಮಿ.ಗ್ರಾಂ. ದಾಟಿದರೆ ಮಗುವಿಗೆ ಕುಡಿಸಬೇಡಿ, ಕಾಯಿಸಿದರೂ ಫ್ಲೋರೈಡ್ ಹೋಗಲ್ಲ. ಕುಡಿಯಲು, ಅಡುಗೆಗೆ ಊರಿನ ಶುದ್ಧ ನೀರಿನ ಘಟಕದಿಂದ ದಿನಕ್ಕೊಂದು 20 ಲೀಟರ್ ಕ್ಯಾನು ಸಾಕು. ಸ್ನಾನಕ್ಕೆ ಗೀಸರ್ ಯಾಕೆ, ತೋಟದ ಗರಿ, ಮಟ್ಟೆ, ಸಿಪ್ಪೆ ಹಂಡೆ ಒಲೆಗೇ ಇರೋದು.

ಟಿಸಿ_ಕಂಬ

ದಿನಸಿಯಲ್ಲಿ ಉಳಿಯುತ್ತೆ ಅಂತ ಬರೆದುಕೊಂಡಿದ್ದರೆ ಹೊಡೆದುಹಾಕಿ. ಹಾಲು, ಸೊಪ್ಪು, ತೆಂಗಿನಕಾಯಿ ಬಿಟ್ಟರೆ ಉಳಿದದ್ದೆಲ್ಲ ಪೇಟೆ ರೇಟೇ. ಆಫೀಸಿನ ಎರಡು ದಿನ ಬೆನ್ನುಬೆನ್ನಿಗೆ ಸಿಗುತ್ತಾ ಕೇಳಿ: ಬಿಡಿ ದಿನಗಳಾದರೆ ತಿಂಗಳಿಗೆ ಎಂಟು ಸಲ ಹೋಗಿಬರಬೇಕು, ಜೋಡಿಯಾದರೆ ನಾಲ್ಕು ಸಲ, ಜೊತೆಗೆ ನಾಲ್ಕು ರಾತ್ರಿಯ ಪಿಜಿ. ತಿಪಟೂರಿಂದ ರೈಲೇ ಅಗ್ಗ. ಶಕ್ತಿ ಯೋಜನೆಯಲ್ಲಿ ನಿಮಗೆ ಸಾಮಾನ್ಯ ಸಾರಿಗೆ ಬಸ್ಸು ಉಚಿತ, ಯಜಮಾನರಿಗಿಲ್ಲ. ಸ್ಕೂಲ್ ವ್ಯಾನ್ ನಿಮ್ಮೂರಿಗೆ ಬರುತ್ತಾ ಅನ್ನೋದು ಮಾತ್ರ ಅಡ್ವಾನ್ಸ್ ವಾಪಸ್ ಕೇಳೋ ಮುಂಚೆಯೇ ಖಚಿತವಾಗಲಿ. ಬರದಿದ್ದರೆ ದಿನಕ್ಕೆ ನಾಲ್ಕು ಓಡಾಟ ನಿಮ್ಮದೇ, ಅದರಲ್ಲೆರಡು ಆಫೀಸ್ ಮೀಟಿಂಗ್ ಹೊತ್ತಿಗೆ.