ಎರಡು ರಾತ್ರಿಯ ಅಳತೆಯಿಂದ ಕ್ಷುದ್ರಗ್ರಹದ ಕಕ್ಷೆ ಸಿಗುತ್ತದೆಯೇ?

ಪ್ರಶ್ನೆ:
ವಿಯುತಿಯ (ಆಕಾಶದಲ್ಲಿ ಸೂರ್ಯನಿಗೆ ನೇರ ಎದುರಿನ ಸ್ಥಾನ) ಹತ್ತಿರವಿರುವ, 20ನೇ ಕಾಂತಿಮಾನದ (ಈ ಅಂಕಿ ಹೆಚ್ಚಿದಷ್ಟೂ ಮಂಕು) ಚುಕ್ಕೆಯೊಂದು ಗಂಟೆಗೆ 36 ಆರ್ಕ್‌ಸೆಕೆಂಡಿನಂತೆ (ಡಿಗ್ರಿಯ 3600ನೇ ಒಂದು ಭಾಗ) ಪಶ್ಚಿಮಕ್ಕೆ ಸರಿಯುತ್ತಿದೆ. ಸತತ ಎರಡು ರಾತ್ರಿಯ ಸ್ಥಾನಗಳಿವೆ. ಕಕ್ಷೆ ಲೆಕ್ಕಹಾಕುವ ತಂತ್ರಾಂಶವಾದ ಫೈಂಡ್ ಆರ್ಬ್‌ಗೆ ಹಾಕಿದರೆ ಉತ್ಕೇಂದ್ರತೆ (ಕಕ್ಷೆ ವೃತ್ತದಿಂದ ಎಷ್ಟು ಉದ್ದಗಾಗಿದೆ ಎಂಬುದು) 0.05 ಬರುತ್ತದೆ, ಒಂದೇ ಒಂದು ಅಳತೆ ಕೈಬಿಟ್ಟರೆ 0.31! ಎರಡರಲ್ಲೂ ಶೇಷ (ಅಳತೆಗೂ ಲೆಕ್ಕಕ್ಕೂ ಇರುವ ವ್ಯತ್ಯಾಸ) 0.4 ಆರ್ಕ್‌ಸೆಕೆಂಡಿನ ಒಳಗೇ ಇದೆ. ಯಾವುದನ್ನು ನಂಬುವುದು?

ಉತ್ತರ 1:
ಎರಡನ್ನೂ ನಂಬಬೇಡಿ. ಇಷ್ಟು ಚಿಕ್ಕ ಚಾಪ (ಕಂಡ ದಾರಿಯ ತುಣುಕು) ಹೆಚ್ಚುಕಡಿಮೆ ನೇರ ಗೆರೆ. ದಿಕ್ಕು, ವೇಗ ಗೊತ್ತಾಗುತ್ತವೆ. ದೂರವನ್ನು ಹೇಳಬೇಕಾದ ಬಾಗು ಅಳತೆಯ ದೋಷದಲ್ಲೇ ಮುಳುಗಿರುತ್ತದೆ. ಹಾಗಾಗಿ ನೂರಾರು ದೀರ್ಘವೃತ್ತಗಳು ಅದೇ ಶೇಷದಲ್ಲಿ ಕೂರುತ್ತವೆ. ಸದ್ಯಕ್ಕೆ ವೈಸಾಲಾ ಕಕ್ಷೆ ಹಾಕಿ, ಅಂದರೆ ಕಾಯ ಪುರರವಿಯಲ್ಲಿ (ಕಕ್ಷೆಯಲ್ಲಿ ಸೂರ್ಯನಿಗೆ ಅತಿ ಹತ್ತಿರದ ಬಿಂದು) ಇದೆ ಎಂದು ಊಹಿಸಿ. ಮುಂದಿನ ಕೆಲವು ರಾತ್ರಿ ಅದನ್ನು ಹುಡುಕಲು ಅಷ್ಟು ಸಾಕು. ಆಮೇಲೆ ಒಂದು ವಾರ ಬಿಟ್ಟು, ಮತ್ತೆ ಮೂರು ವಾರ ಬಿಟ್ಟು ಅಳೆಯಿರಿ. 1801ರಲ್ಲಿ ಖಗೋಳಜ್ಞ ಪಿಯಾಜ್ಜಿಯ 41 ದಿನಗಳ ವೀಕ್ಷಣೆ ಇದ್ದದ್ದರಿಂದಲೇ ಗಣಿತಜ್ಞ ಗಾಸ್ ಮೊದಲು ಪತ್ತೆಯಾದ ಕ್ಷುದ್ರಗ್ರಹವಾದ ಸೀರಿಸ್‌ನ ಕಕ್ಷೆ ಹಿಡಿದದ್ದು.

ಉತ್ತರ 2:
ಸಮಯವನ್ನೂ ನೋಡಿ. ದಾಖಲಿಸಬೇಕಾದದ್ದು ಎಕ್ಸ್‌ಪೋಶರ್‌ನ ನಡುಗಾಲ. 120 ಸೆಕೆಂಡಿನ ಚಿತ್ರಕ್ಕೆ ಆರಂಭದ ಸಮಯ ಹಾಕಿದರೆ 0.6 ಆರ್ಕ್‌ಸೆಕೆಂಡ್ ತಪ್ಪು. ಎಲ್ಲ ಚಿತ್ರಗಳಲ್ಲೂ ಒಂದೇ ತಪ್ಪಿದ್ದರೆ ಶೇಷದಲ್ಲಿ ಕಾಣುವುದೇ ಇಲ್ಲ, ಅದೇ ಅಪಾಯ. ರಾತ್ರಿಯಿಂದ ರಾತ್ರಿಗೆ ಎಕ್ಸ್‌ಪೋಶರ್ ಬದಲಾಗಿದ್ದರೆ ಕಕ್ಷೆಯೇ ಕೆಡುತ್ತದೆ. ಐದು ನಿಮಿಷ ತೆರೆದಿಟ್ಟರೆ ಚುಕ್ಕೆ 3 ಆರ್ಕ್‌ಸೆಕೆಂಡ್ ಎಳೆದುಕೊಂಡು ಅದರ ಕೇಂದ್ರ ಖಚಿತವಾಗಿ ಸಿಗುವುದಿಲ್ಲ. ಚಿಕ್ಕ ಚಿತ್ರಗಳನ್ನು ಅದರ ಚಲನೆಗೆ ಹೊಂದಿಸಿ ಪೇರಿಸುವುದು ಮೇಲು.

ಪ್ರಶ್ನೆ ಕೇಳಿದವರು:
ಸಮಯ ಸರಿಪಡಿಸಿ, ಒಂಬತ್ತು ದಿನಗಳ ನಂತರದ ಸ್ಥಾನ ಸೇರಿಸಿದೆ. ಅರ್ಧ ದೀರ್ಘಾಕ್ಷ (ದೀರ್ಘವೃತ್ತದ ಉದ್ದದ ಅರ್ಧ) 2.38 ಖಗೋಳ ಮಾನ (ಭೂಮಿ-ಸೂರ್ಯರ ಸರಾಸರಿ ದೂರ ಒಂದು ಮಾನ), ಉತ್ಕೇಂದ್ರತೆ 0.15. ಇದಕ್ಕೆ ಕ್ಷುದ್ರಗ್ರಹಗಳ ಪಟ್ಟಿಯ ಶಾಶ್ವತ ಸಂಖ್ಯೆ ಸಿಗುವುದು ಯಾವಾಗ?

ಉತ್ತರ 1:
ಈಗ ನಂಬಬಹುದಾದ ದಾರಿಗೆ ಬಂತು, ಆದರೂ ಮೂರು ವಾರದ ಅಳತೆ ಬಿಡಬೇಡಿ. ಪುರರವಿ 2.02, ಅಪರವಿ (ಸೂರ್ಯನಿಂದ ಅತಿ ದೂರದ ಬಿಂದು) 2.74 ಖಗೋಳ ಮಾನ, ಪರಿಭ್ರಮಣ 3.67 ವರ್ಷ. ಮುಂದಿನ ವಿಯುತಿ ಸುಮಾರು 16.5 ತಿಂಗಳಿಗೆ. ಈಗ ಪುರರವಿಯ ಬಳಿಯಿದ್ದರೆ ಆಗ ಒಂದೂವರೆ ಕಾಂತಿಮಾನದಷ್ಟು ಮಂಕಾಗಿರುತ್ತದೆ, ದೊಡ್ಡ ದೂರದರ್ಶಕ ಬೇಕಾದೀತು. ಸಂಖ್ಯೆಗೆ ಸಾಮಾನ್ಯವಾಗಿ ನಾಲ್ಕು ವಿಯುತಿಗಳ ವೀಕ್ಷಣೆ ಬೇಕು, ಅಂದರೆ ನಾಲ್ಕು ವರ್ಷದ ಮಾತು. ಹಳೆಯ ಸರ್ವೇ ಚಿತ್ರಗಳಲ್ಲಿ ಸಿಕ್ಕರೆ ಬೇಗ.

ಉತ್ತರ 2:
ಅದಕ್ಕೂ ಮೊದಲು, ಕ್ಷುದ್ರಗ್ರಹಗಳ ಅಳತೆಗಳನ್ನು ಸಂಗ್ರಹಿಸುವ ಮೈನರ್ ಪ್ಲಾನೆಟ್ ಸೆಂಟರ್‌ನ ಪಟ್ಟಿಯಲ್ಲಿ ಈ ಸ್ಥಾನ ಹುಡುಕಿ. 20ನೇ ಕಾಂತಿಮಾನದಲ್ಲಿ ಸಿಗುವ ಹೆಚ್ಚಿನವು ಈಗಾಗಲೇ ದಾಖಲಾಗಿವೆ. ಇಲ್ಲವೆಂದಾದರೆ ಈಗಿರುವ ಅಳತೆಗಳನ್ನೆಲ್ಲ ಇವತ್ತೇ ಕಳಿಸಿ, ಮೂರು ವಾರದ ಅಳತೆಗೆ ಕಾಯಬೇಡಿ: ಶೋಧದ ಶ್ರೇಯಕ್ಕೆ ಲೆಕ್ಕ ಹಿಡಿಯುವುದು ಎರಡನೇ ರಾತ್ರಿಯ ವರದಿ ಯಾರದು ಮೊದಲು ತಲುಪಿತು ಎಂಬುದನ್ನು.