ಟರ್ಬೊ ಡೀಸೆಲ್‌ಗೆ ಇಸಿಯು ರೀಮ್ಯಾಪ್: ಘಾಟಿಯಲ್ಲಿ ಮೈಲೇಜ್ ಏರುತ್ತಾ?

ಪ್ರಶ್ನೆ: ಮಡಿಕೇರಿ–ಸುಳ್ಯ, ಸಂಪಾಜೆ ಘಾಟಿಯಲ್ಲೇ ಹೆಚ್ಚು ಓಡಾಟ. ಬಿಎಸ್4 (ಹಿಂದಿನ ಎಮಿಷನ್ ಮಾನದಂಡದ) ಟರ್ಬೊ ಡೀಸೆಲ್ ಕಾರು. ರೀಮ್ಯಾಪ್, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ (ಇಸಿಯು) ಒಳಗಿನ ಸಾಫ್ಟ್‌ವೇರ್ ಬದಲಾವಣೆ, ಮಾಡಿಸಿದರೆ ಮೈಲೇಜ್ ಸಿಗುತ್ತಾ? ಮೊದಲು ಏನೇನು ನೋಡಿಸಬೇಕು?

ಉತ್ತರ 1: ಸ್ವಲ್ಪ ಸಿಗುತ್ತೆ, ಅದೂ ಏರುವಾಗ. ಇಳಿಯುವಾಗ ಗೇರ್‌ನಲ್ಲೇ ಇದ್ದು ಆಕ್ಸಿಲರೇಟರ್ ಬಿಟ್ಟರೆ ಇಸಿಯು ಡೀಸೆಲ್ ಇಂಜೆಕ್ಷನ್ನೇ ನಿಲ್ಲಿಸುತ್ತೆ, ಅಲ್ಲಿ ಉಳಿಸೋಕೆ ಏನಿಲ್ಲ. ಏರಿನಲ್ಲಿ ಕಡಿಮೆ ಆರ್‌ಪಿಎಂಗೇ ಟಾರ್ಕ್ (ಎಳೆಯುವ ಬಲ) ಬಂದರೆ ಎರಡನೇ ಗೇರ್ ಜಾಗದಲ್ಲಿ ಮೂರರಲ್ಲೇ ಎಳೆಯುತ್ತೆ, ಲಾಭ ಅಷ್ಟೇ. ಕಾಲು ಒತ್ತಿ ಓಡಿಸಿದರೆ ಅದೂ ಹೋಯಿತು. ಟರ್ಬೊ ಇಲ್ಲದ ಪೆಟ್ರೋಲ್ ಗಾಡಿಗಾದರೆ ದುಡ್ಡು ದಂಡ.

ಉತ್ತರ 2: ಅಣ್ಣ, ಮೊದಲು ಸ್ಕ್ಯಾನರ್ ಹಾಕಿಸಿ ಫಾಲ್ಟ್ ಕೋಡ್ (ಇಸಿಯು ದಾಖಲಿಸಿದ ದೋಷ) ನೋಡಿಸಿ. ಏರ್ ಫಿಲ್ಟರ್, ಏರ್‌ಫ್ಲೋ ಸೆನ್ಸರ್, ಟೈರ್ ಗಾಳಿ ಸರಿ ಇರಲಿ. ಇಂಟರ್‌ಕೂಲರ್ (ಟರ್ಬೊ ಒತ್ತಿ ಕಳಿಸುವ ಬಿಸಿ ಗಾಳಿ ತಂಪು ಮಾಡುವ ಭಾಗ) ಪೈಪಿನ ಕ್ಲಿಪ್ ಬಳಿ ಎಣ್ಣೆಗೆ ಧೂಳು ಮೆತ್ತಿದ್ದರೆ ಬೂಸ್ಟ್ ಲೀಕ್ (ಆ ಗಾಳಿ ಸೋರುವುದು) ಅನುಮಾನಿಸಿ. ಅದನ್ನು ಸರಿ ಮಾಡಿಸದೆ ಹೊಸ ಮ್ಯಾಪ್ ಹಾಕಿದರೆ ಕಪ್ಪು ಹೊಗೆ ಬರಬಹುದು. ಇಸಿಯುವಿನ ಮೂಲ ಸಾಫ್ಟ್‌ವೇರ್ ಫೈಲಿನ ಪ್ರತಿ ಕೇಳಿ ಇಟ್ಟುಕೊಳ್ಳಿ. ಫ್ಲ್ಯಾಶ್ ಮಾಡುವಾಗ (ಹೊಸ ಫೈಲ್ ಇಸಿಯುಗೆ ಬರೆಯುವಾಗ) ಬ್ಯಾಟರಿಗೆ ಸ್ಟೆಬಿಲೈಸ್ಡ್ ಸಪ್ಲೈ ಬೇಕೇ ಬೇಕು. ವೋಲ್ಟೇಜ್ ಕುಸಿದು ಫೈಲ್ ಬರೆಯುವುದು ಅರ್ಧಕ್ಕೆ ನಿಂತರೆ ಗಾಡಿ ಸ್ಟಾರ್ಟೇ ಆಗದೆ ಹೋಗಬಹುದು. ನಮ್ಮ ಮಳೆಗಾಲದ ಕರೆಂಟ್ ನಂಬಬೇಡಿ, ಯುಪಿಎಸ್ ಇರುವ ಕಡೆ ಮಾಡಿಸಿ.

ಉತ್ತರ 3: ಹಳೇ ಕ್ಲಚ್ ಹೆಚ್ಚಿದ ಟಾರ್ಕ್‌ಗೆ ಜಾರುತ್ತೆ, ಅದನ್ನೂ ನೋಡಿಸಿ. ಇಜಿಆರ್ (ಹೊಗೆಯ ಒಂದು ಭಾಗವನ್ನು ಮತ್ತೆ ಎಂಜಿನ್‌ಗೆ ಕಳಿಸುವ ವ್ಯವಸ್ಥೆ) ಮುಚ್ಚಿಸಲು ಒಪ್ಪಬೇಡಿ, ಎಮಿಷನ್ ನಿಯಮಕ್ಕೆ ವಿರುದ್ಧ. ವಾರಂಟಿ ಇದ್ದರೆ ರೀಮ್ಯಾಪ್ ಕೈಬಿಡಿ. ಮೈಲೇಜನ್ನು ಮೀಟರ್ ನೋಡಿ ಹೇಳಬೇಡಿ. ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್‌ಗೆ, ಅದೇ ಬಂಕ್, ಅದೇ ದಾರಿ, ಹಾಗೆ ಲೆಕ್ಕ ಹಾಕಿ.